ಗಾಡ್ಜಿಲ್ಲಾನ ಒಳಗೊಬ್ಬ ವೇಷಧಾರಿ

1954ರ ಜಪಾನಿ ಚಿತ್ರ ‘ಗಾಡ್ಜಿಲ್ಲಾ’ದಲ್ಲಿ, ಆ ದೈತ್ಯ ಮೃಗ ಸರಿಯಾಗಿ ಕಣ್ಣಿಗೆ ಬೀಳುವ ಮೊದಲೇ, ಒಂದು ರಾತ್ರಿಯ ದೃಶ್ಯ ಬರುತ್ತದೆ. ಓಡೊ ಎಂಬ ಮೀನುಗಾರರ ದ್ವೀಪ. ಊರವರೆಲ್ಲ ಒಂದು ಕಡೆ ಸೇರಿದ್ದಾರೆ. ಮುಖವಾಡ ಕಟ್ಟಿದವರು ವಾದ್ಯದ ಗತಿಗೆ ಹೆಜ್ಜೆ ಹಾಕುತ್ತಿದ್ದಾರೆ. ಪಟ್ಟಣದಿಂದ ಬಂದ ಪತ್ರಕರ್ತನ ಪಕ್ಕ ಕುಳಿತ ಮುದುಕ ಮೀನುಗಾರನೊಬ್ಬ ಹಳೆಯ ಕಥೆ ಹೇಳುತ್ತಾನೆ: ಹಿಂದೆಲ್ಲ ಮೀನು ಸಿಗದ ಕಾಲದಲ್ಲಿ ಕಡಲಿನ ಆ ಪ್ರಾಣಿಗೆ ಹೆಣ್ಣುಮಕ್ಕಳನ್ನು ಬಲಿ ಕೊಡುತ್ತಿದ್ದರಂತೆ, ಈಗ ಆ ಪದ್ಧತಿಯಿಂದ ಉಳಿದಿರುವುದು ಈ ಕುಣಿತ ಮಾತ್ರವಂತೆ. ಕುಣಿತದ ಹೆಸರು ಕಗುರಾ. ಜಪಾನಿನ ಗುಡಿಗಳಲ್ಲಿ ಇಂದಿಗೂ ನಡೆಯುವ ಆರಾಧನಾ ನೃತ್ಯ ಅದು.

ಮಂಗಳೂರಿನವರು ಈ ದೃಶ್ಯವನ್ನು ಸುಮ್ಮನೆ ನೋಡಿ ಮುಂದೆ ಹೋಗುವುದು ಹೇಗೆ ಸಾಧ್ಯ! ಕಡಲು, ದೋಣಿ, ಮೀನಿನ ಬರ, ರಾತ್ರಿ, ವಾದ್ಯ, ವೇಷ. ಜಗತ್ತಿನ ಅತಿ ಪ್ರಸಿದ್ಧ ರಾಕ್ಷಸ ಸಿನಿಮಾದ ಬೇರು ಇರುವುದು ಕರಾವಳಿಯ ಒಂದು ಕುಣಿತದಲ್ಲಿ! ಇಲ್ಲೇ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮ ಭೂತಕೋಲವನ್ನು ನಾನು ಈ ಬರಹಕ್ಕೆ ಎಳೆದು ತರುವುದಿಲ್ಲ. ಅದು ನೇಮ, ದೈವದ ಸನ್ನಿಧಿ. ಅದನ್ನು ಸಿನಿಮಾದ ರಕ್ಕಸನ ಪಕ್ಕ ನಿಲ್ಲಿಸುವುದು ಸಲ್ಲ. ಆದರೆ ನಮ್ಮಲ್ಲಿ ಯಕ್ಷಗಾನದ ರಕ್ಕಸರ ಬಣ್ಣದ ವೇಷವಿದೆ, ದಸರೆಯ ಪಿಲಿವೇಷ, ಅಂದರೆ ಹುಲಿವೇಷವಿದೆ. ಮನುಷ್ಯ ತನ್ನ ಮೈಯನ್ನೇ ಮೃಗವಾಗಿಸುವ, ರಕ್ಕಸನಾಗಿಸುವ ಈ ಎರಡು ವಿದ್ಯೆಗಳನ್ನು ಬಲ್ಲ ಊರಿನಲ್ಲಿ ಕುಳಿತು ಜಪಾನಿನ ಆ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಮೊದಲು ಆ 1954ನೆಯ ಇಸವಿಯನ್ನೇ ನೋಡಿ. ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ‘ದೈಗೊ ಫುಕುರ್ಯು ಮಾರು’ ಎಂಬ ದೋಣಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯಲ್ಲಿದ್ದವರು 23 ಮಂದಿ. ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ತೊಹೊ ಕಂಪನಿಯ ‘ಗಾಡ್ಜಿಲ್ಲಾ’ ತೆರೆ ಕಂಡಿತು. ಸಿನಿಮಾ ಶುರುವಾಗುವುದೇ ಕಡಲ ಮೇಲಿನ ಒಂದು ದೋಣಿಯಿಂದ: ಕೆಲಸ ಮುಗಿಸಿ ಡೆಕ್ ಮೇಲೆ ಕುಳಿತ ಹುಡುಗರು, ಇದ್ದಕ್ಕಿದ್ದಂತೆ ಕಣ್ಣು ಕೋರೈಸುವ ಬೆಳಕು, ಬೆಂಕಿ, ಮುಳುಗಡೆ. ಅಂದಿನ ಪ್ರೇಕ್ಷಕರಿಗೆ ಅದೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳೆ ಬಂದರಿನ ಧಕ್ಕೆಯಲ್ಲಿ ದೋಣಿ ಬರುವುದನ್ನು ಕಾಯುವವರಿಗೂ ಬಿಡಿಸಿ ಹೇಳಬೇಕಿಲ್ಲ.

ನಿರ್ದೇಶಕ ಇಶಿರೊ ಹೊಂಡಾ ಯುದ್ಧದಿಂದ ಮರಳುವಾಗ ಸುಟ್ಟು ಬೂದಿಯಾದ ಹಿರೋಶಿಮಾವನ್ನು ಕಣ್ಣಾರೆ ಕಂಡವರು. ಹಾಗಾಗಿಯೇ ಅವರ ಗಾಡ್ಜಿಲ್ಲಾ ಊರು ಒಡೆಯುವ ಬೊಂಬೆಯಲ್ಲ. ಮೃಗ ಹಾದುಹೋದ ಮೇಲೆ ಆಸ್ಪತ್ರೆಯ ನೆಲದಲ್ಲಿ ಸಾಲಾಗಿ ಮಲಗಿಸಿದ ಗಾಯಾಳುಗಳನ್ನು, ಮಗುವಿನ ಮೈಗೆ ಹಿಡಿದ ವಿಕಿರಣ ಮಾಪಕವನ್ನು ಕ್ಯಾಮೆರಾ ತೋರಿಸುತ್ತದೆ. ಕೊನೆಗೆ ಗಾಡ್ಜಿಲ್ಲಾನನ್ನು ಕೊಲ್ಲುವ ಅಸ್ತ್ರ ಕಂಡುಹಿಡಿದ ವಿಜ್ಞಾನಿ ಸೆರಿಜಾವಾ, ಅದು ಇನ್ನೊಬ್ಬರ ಕೈಗೆ ಸಿಗಬಾರದೆಂದು ತನ್ನ ಕಾಗದಪತ್ರಗಳನ್ನೆಲ್ಲ ಸುಟ್ಟು, ಕಡಲಿನ ತಳದಲ್ಲಿ ತಾನೂ ಉಳಿದುಬಿಡುತ್ತಾನೆ. ರಾಕ್ಷಸ ಸಿನಿಮಾ ಎಂದರೆ ಮಕ್ಕಳ ಆಟ ಎನ್ನುವವರು ಆ ಹತ್ತು ನಿಮಿಷ ನೋಡಲಿ.

ಈಗ ಬಣ್ಣದ ಮನೆಗೆ ಬರೋಣ. ಮಾಯೆ ಇರುವುದೇ ಅಲ್ಲಿ!

ಚಿತ್ರದ ವಿಶೇಷ ಪರಿಣಾಮಗಳ ಹೊಣೆ ಹೊತ್ತವರು ಎಯ್ಜಿ ತ್ಸುಬುರಾಯಾ. 1901ರಲ್ಲಿ ಫುಕುಶಿಮಾ ಪ್ರಾಂತದ ಸುಕಾಗಾವಾದಲ್ಲಿ ಹುಟ್ಟಿದ ಈ ಮನುಷ್ಯ 1933ರ ಅಮೆರಿಕನ್ ಚಿತ್ರ ‘ಕಿಂಗ್ ಕಾಂಗ್’ ನೋಡಿ ಹುಚ್ಚನಾಗಿ, ಅದರ ರೀಲನ್ನು ಒಂದೊಂದೇ ಚೌಕಟ್ಟಾಗಿ ಪರೀಕ್ಷಿಸಿದವರು. ಆ ಚಿತ್ರದಲ್ಲಿ ಸಣ್ಣ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೊ ತೆಗೆದು ಚಲನೆ ತರಿಸಿದ್ದರು. ತ್ಸುಬುರಾಯಾ ಅವರಿಗೂ ಆಸೆ ಅದೇ. ಆದರೆ ಆ ವಿಧಾನದಲ್ಲಿ ಗಾಡ್ಜಿಲ್ಲಾ ಮುಗಿಸಲು ವರ್ಷಗಳೇ ಬೇಕು, ತೊಹೊ ಬಳಿ ಇದ್ದದ್ದು ತಿಂಗಳುಗಳು. ಹಾಗಾದರೆ? ಮನುಷ್ಯನಿಗೇ ವೇಷ ಕಟ್ಟಿಸುವುದು!

ಆ ವೇಷ ತೊಟ್ಟವರು ಹಾರುವೊ ನಾಕಾಜಿಮಾ ಎಂಬ 25ರ ಯುವಕ. ಅದೇ ವರ್ಷ ನಿರ್ದೇಶಕ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ನಲ್ಲಿ ದರೋಡೆಕೋರರ ಗುಂಪಿನಲ್ಲಿ ಒಬ್ಬನಾಗಿ ಬಂದುಹೋದ ನಟ. ಕತ್ಸುಮಿ ತೆಜುಕಾ ಎಂಬ ಇನ್ನೊಬ್ಬ ನಟ ಜೊತೆಗಿದ್ದರು. ಮೊದಲು ತಯಾರಾದ ಕವಚ ಸುಮಾರು 100 ಕಿಲೊ ಭಾರ, ಒಳಗೆ ಹೊಕ್ಕರೆ ಹೆಜ್ಜೆ ಎತ್ತುವುದೇ ಕಷ್ಟವೆನ್ನುವಷ್ಟು ಗಡುಸು. ಅದನ್ನು ಬದಿಗಿಟ್ಟು, ತುಂಡು ಮಾಡಿ, ಕಾಲು ಮಾತ್ರ ಕಾಣುವಂಥ ಬಿಡಿ ದೃಶ್ಯಗಳಿಗೆ ಬಳಸಿದರು. ಎರಡನೆಯದು ಸ್ವಲ್ಪ ಬಾಗಿತು. ಸ್ಟುಡಿಯೊ ದೀಪಗಳ ಉರಿಯಲ್ಲಿ ಅದರೊಳಗೆ ಕೆಲವೇ ನಿಮಿಷ ನಿಲ್ಲಬಹುದಿತ್ತು, ಹೊರಬಂದರೆ ಒಳಅಂಗಿ ಹಿಂಡುವಷ್ಟು ಬೆವರು.

ಮೃಗದ ನಡಿಗೆಯನ್ನು ನಾಕಾಜಿಮಾ ಎಲ್ಲಿ ಕಲಿತರು ಗೊತ್ತೇ? ಟೋಕಿಯೊದ ಉಯೆನೊ ಮೃಗಾಲಯದಲ್ಲಿ! ಆನೆ ಕಾಲಿಡುವುದನ್ನು, ಕರಡಿ ಮೈ ತಿರುಗಿಸುವುದನ್ನು ನೋಡುತ್ತ ನಿಂತರು. ಪಾದ ನೆಲಕ್ಕೆ ತಾಗುವಾಗ ಭಾರ ಹೇಗೆ ಇಳಿಯುತ್ತದೆ, ತಲೆ ಮೊದಲು ತಿರುಗುತ್ತದೆಯೋ ಭುಜ ಮೊದಲೋ ಎಂದು ಲೆಕ್ಕ ಹಾಕಿದರು. ನಮ್ಮ ಪಿಲಿವೇಷದವರನ್ನು ಹತ್ತಿರದಿಂದ ಕಂಡವರಿಗೆ ಇದರ ಮರ್ಮ ತಟ್ಟನೆ ತಿಳಿಯುತ್ತದೆ. ತಾಸೆಯ ಪೆಟ್ಟು ಬಿದ್ದಾಗ ಒಳ್ಳೆಯ ಹುಲಿ ಮೊದಲು ಕಾಲೆತ್ತುವುದಿಲ್ಲ. ಮೊದಲು ಸೊಂಟ ಇಳಿಯುತ್ತದೆ, ಹೊಟ್ಟೆ ಒಳಗೆ ಸೆಳೆಯುತ್ತದೆ, ಕುತ್ತಿಗೆ ಒಂದು ಕಡೆಗೆ ವಾಲುತ್ತದೆ, ಆಮೇಲಷ್ಟೇ ಪಂಜ. ಆ ಕ್ರಮ ತಪ್ಪಿದರೆ ಬಣ್ಣ ಬಳಿದ ಹುಡುಗನೊಬ್ಬ ಕುಣಿಯುತ್ತಿದ್ದಾನೆ ಅಷ್ಟೆ. ಕ್ರಮ ಕೂಡಿಬಂದರೆ ಜನ ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಪಿಲಿವೇಷದ ಕಷ್ಟವೂ ಕಡಿಮೆಯೇನಲ್ಲ. ಮೈತುಂಬ ಪೈಂಟು ಬಳಿದು, ಒಣಗುವ ತನಕ ಕೂರುವಂತಿಲ್ಲ, ಒರಗುವಂತಿಲ್ಲ, ಕೈ ಅಗಲಿಸಿ ಕೋಲು ಹಿಡಿದು ನಿಲ್ಲಬೇಕು. ಪಟ್ಟೆ ಹುಲಿಗೆ ಗೆರೆ, ಚಿಟ್ಟೆ ಹುಲಿಗೆ ಚುಕ್ಕೆ, ತಲೆಗೆ ‘ಮಂಡೆ’ ಎಂಬ ಹುಲಿತಲೆಯ ಮುಖವಾಡ. ಅದರ ಮೇಲೆ ದಿನವಿಡೀ ಬಿಸಿಲಲ್ಲಿ ಕುಣಿತ. ಸುಮಾರು 40 ಕಿಲೊ ತೂಗುವ ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ತಲೆಯ ಹಿಂದಕ್ಕೆ ಎಸೆಯುವ ಗಟ್ಟಿಗರಿದ್ದಾರೆ! ಮಂಗಳಾದೇವಿಯ ರಥಬೀದಿಯಲ್ಲೋ ಕುದ್ರೋಳಿಯ ದಸರೆಯಲ್ಲೋ ಅದನ್ನು ನೋಡಿದವರಿಗೆ ನಾಕಾಜಿಮಾ ಅವರ 100 ಕಿಲೊ ಕವಚದ ಕಥೆ ಪರವೂರಿನದೆಂದು ಅನಿಸುವುದೇ ಇಲ್ಲ.

ಇನ್ನು ಅಳತೆಯ ಲೆಕ್ಕ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಥೆಯಲ್ಲಿ ಗಾಡ್ಜಿಲ್ಲಾನ ಎತ್ತರ 50 ಮೀಟರ್. ತ್ಸುಬುರಾಯಾ ತಂಡ ಟೋಕಿಯೊದ ಗಿಂಜಾ ಬೀದಿಯನ್ನು, ಅದರ ಪ್ರಸಿದ್ಧ ವಾಕೊ ಗಡಿಯಾರ ಗೋಪುರದ ಸಮೇತ, 25ರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿತು. ಐವತ್ತನ್ನು ಇಪ್ಪತ್ತೈದರಿಂದ ಭಾಗಿಸಿ ನೋಡಿ. ಎರಡು ಮೀಟರ್! ಕವಚ ತೊಟ್ಟ ಒಬ್ಬ ಮನುಷ್ಯನ ಎತ್ತರ! ಒಂದು ಮಹಾನಗರವನ್ನು ಒಬ್ಬ ವೇಷಧಾರಿಯ ಮೈಗೆ ತಕ್ಕಂತೆ ಹೊಲಿದಿದ್ದಾರೆ! ಹಂಪನಕಟ್ಟೆಯ ಗಡಿಯಾರ ಗೋಪುರ, ಸುತ್ತಲಿನ ಅಂಗಡಿ, ಬಸ್ಸು, ವಿದ್ಯುತ್ ಕಂಬ, ಎಲ್ಲವನ್ನೂ ಅದೇ ಅಳತೆಗೆ ಇಳಿಸಿ ಕಲ್ಪಿಸಿಕೊಳ್ಳಿ. ಗೋಪುರ ನಿಮ್ಮ ಎದೆಯ ಮಟ್ಟಕ್ಕೂ ಬರುವುದಿಲ್ಲ. ಕ್ಯಾಮೆರಾವನ್ನು ಮಾಮೂಲಿಗಿಂತ ವೇಗವಾಗಿ ಓಡಿಸಿ ಚಿತ್ರೀಕರಿಸಿದರು. ತೆರೆಯ ಮೇಲೆ ಅದು ಮಾಮೂಲಿ ವೇಗದಲ್ಲಿ ಓಡುವಾಗ ಎಲ್ಲವೂ ನಿಧಾನವಾಗಿ, ಟನ್ನುಗಟ್ಟಲೆ ಭಾರದಿಂದ ಕುಸಿಯುವಂತೆ ಕಾಣುತ್ತದೆ.

ಯಕ್ಷಗಾನ ಇದೇ ಲೆಕ್ಕವನ್ನು ತಲೆಕೆಳಗಾಗಿ ಬಿಡಿಸಿದೆ. ನಮ್ಮಲ್ಲಿ ಊರನ್ನು ಕುಗ್ಗಿಸುವುದಿಲ್ಲ, ಮನುಷ್ಯನನ್ನೇ ಹಿಗ್ಗಿಸುತ್ತೇವೆ. ತೆಂಕುತಿಟ್ಟಿನ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣದ ವೇಷಧಾರಿ ಸಂಜೆಯಿಂದಲೇ ಕನ್ನಡಿ ಹಿಡಿದು ಕೂರುತ್ತಾನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡಬೇಕು. ಒಂದು ಒಣಗಿದ ಮೇಲೆ ಅದರ ಮೇಲೊಂದು, ಮುಳ್ಳಿನ ಸಾಲು ಏಳುವ ತನಕ. ಗಂಟೆಗಟ್ಟಲೆ ಕೆಲಸ. ಅಷ್ಟು ಹೊತ್ತೂ ನಗುವಂತಿಲ್ಲ, ಮಾತಾಡುವಂತಿಲ್ಲ, ಕೆನ್ನೆ ಅಲುಗಿದರೆ ಚುಟ್ಟಿ ಬಿರಿಯುತ್ತದೆ. ಮುಖದ ಅಂಚು ಅಳಿದು, ಕಣ್ಣು ಮಾತ್ರ ಮನುಷ್ಯನದಾಗಿ ಉಳಿಯುತ್ತದೆ. ಮೇಲೆ ಕೇಶಾವರಿ ಕಿರೀಟ, ಭುಜಕೀರ್ತಿ, ಸೊಂಟಕ್ಕೆ ಸುತ್ತಿ ಉಬ್ಬಿಸಿದ ಬಟ್ಟೆ. ಐದೂವರೆ ಅಡಿಯ ಮನುಷ್ಯ ಎದ್ದು ನಿಂತರೆ ಚೌಕಿಯ ಬಾಗಿಲು ಸಾಲುವುದಿಲ್ಲ!

ಕಟೀಲು ಮೇಳದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಪ್ರೇಕ್ಷಕರ ನಡುವಿನಿಂದ. ಕೋಡು ಕಟ್ಟಿದ ತಲೆ, ಎರಡೂ ಬದಿಯಲ್ಲಿ ಉರಿಯುವ ಸೂಟೆ, ಸಿಡಿಯುವ ಪಟಾಕಿ, ಚೆಂಡೆಯ ಅಬ್ಬರ, ಹೊಗೆಯ ನಡುವೆ ಆ ಆರ್ಭಟ! ಮಕ್ಕಳು ತಾಯಂದಿರ ಸೆರಗಿನೊಳಗೆ ಹೊಕ್ಕುಬಿಡುತ್ತಾರೆ. ಜಗತ್ತಿನ ಯಾವ ಥಿಯೇಟರಿನಲ್ಲೂ ರಕ್ಕಸ ನಿಮ್ಮ ಕುರ್ಚಿಯನ್ನು ಸವರಿಕೊಂಡು ತೆರೆಯ ಕಡೆಗೆ ನಡೆಯುವುದಿಲ್ಲ. ಈ ಒಂದು ವಿಷಯದಲ್ಲಿ ಕಟೀಲು ಟೋಕಿಯೊಗಿಂತ ಮುಂದಿದೆ, ಇದು ನನ್ನ ಖಚಿತ ಅಭಿಪ್ರಾಯ.

ಆರ್ಭಟ ಎಂದಾಗ ನೆನಪಾಯಿತು. ಗಾಡ್ಜಿಲ್ಲಾನ ಆ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿಗಳ ಮೇಲೆ, ರಾಳ ಸವರಿದ ಚರ್ಮದ ಕೈಗವಸನ್ನು ಎಳೆಸಿದರು. ಆ ಕಿರ್ರೆನ್ನುವ ನಾದವನ್ನು ಧ್ವನಿಮುದ್ರಿಸಿ ವೇಗ ಬದಲಿಸಿದಾಗ ಹುಟ್ಟಿತು ಇಡೀ ಜಗತ್ತು ಗುರುತಿಸುವ ಆ ಗರ್ಜನೆ. ರಕ್ಕಸನ ದನಿ ವಾದ್ಯದಿಂದ ಬರಬೇಕೆಂದು ಚೆಂಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲವಲ್ಲ!

ಅಲ್ಲಿಂದ ಮುಂದೆ ಜಪಾನಿನಲ್ಲಿ ಹೊಳೆಯೇ ಹರಿಯಿತು. 1956ರಲ್ಲಿ ಬಣ್ಣದಲ್ಲಿ ಬಂದ ಹಾರುವ ರೊಡಾನ್, 1961ರಲ್ಲಿ ಅವಳಿ ಪುಟ್ಟ ಹೆಣ್ಣುಗಳ ಹಾಡಿಗೆ ಓಗೊಟ್ಟು ಬರುವ ದೈತ್ಯ ಪತಂಗ ಮೊಥ್ರಾ, 1964ರಲ್ಲಿ ಮೂರು ತಲೆಯ ಘಿದೊರಾ, 1965ರಲ್ಲಿ ದೈಯೆ ಕಂಪನಿಯ ಹಾರುವ ಆಮೆ ಗಮೆರಾ. ಇವೆಲ್ಲ ಚಂದವೇ. ಆದರೆ ನಿಜವಾದ ಸ್ಫೋಟ ಆದದ್ದು ಮನೆಯ ಟಿವಿಯಲ್ಲಿ.

1958ರಲ್ಲಿ ‘ಗೆಕ್ಕೊ ಕಾಮೆನ್’ ಬಂದ. ಜಪಾನಿ ಟಿವಿಯ ಮೊದಲ ಸೂಪರ್‌ಹೀರೋ ಎಂದು ಎಲ್ಲರೂ ಒಪ್ಪುವವನು. ತಲೆಗೆ ಬಿಳಿ ಮುಂಡಾಸು, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಹಾರುವ ಬಿಳಿ ಹೊದಿಕೆ, ಏರಿ ಬರುವುದು ಮೋಟಾರ್ ಸೈಕಲ್! ಎಂಟು ವರ್ಷಗಳ ಬಳಿಕ, 1966ರ ಜುಲೈ 17ರಂದು, ತ್ಸುಬುರಾಯಾ ಅವರದೇ ಕಂಪನಿಯ ‘ಅಲ್ಟ್ರಾಮ್ಯಾನ್’. ಬೆಳ್ಳಿ ಮತ್ತು ಕೆಂಪು ಬಣ್ಣದ, 40 ಮೀಟರ್ ಎತ್ತರದ ವೀರ. ಭೂಮಿಯ ಮೇಲೆ ಅವನಿಗೆ ಸಿಗುವುದು ಮೂರೇ ನಿಮಿಷ. ಎದೆಯ ದೀಪ ಮಿಣುಕತೊಡಗಿದರೆ ಜಪಾನಿನ ಮಕ್ಕಳ ಎದೆಯೂ ಹೊಡೆದುಕೊಳ್ಳುತ್ತಿತ್ತು. ಒಳಗಿದ್ದವರು ಬಿನ್ ಫುರುಯಾ ಎಂಬ ಉದ್ದ ಕಾಲಿನ ನಟ. 39 ಕಂತು ಪೂರ್ತಿ ಅವರ ಮುಖ ಕಾಣಿಸದಿದ್ದರೂ, ಕೈಗಳನ್ನು ಅಡ್ಡ ಹಿಡಿದು ಕಿರಣ ಬಿಡುವ ಆ ಒಂದು ಭಂಗಿ ಮೂರು ತಲೆಮಾರಿನ ಮಕ್ಕಳ ಕೈಯಲ್ಲಿ ಉಳಿದುಬಿಟ್ಟಿತು.

ನಮ್ಮವರಿಗೂ ಅದರ ರುಚಿ ಸಿಕ್ಕಿದೆ. 1967ರಲ್ಲಿ ತೊಯೆ ಕಂಪನಿ ತಯಾರಿಸಿದ 26 ಕಂತುಗಳ ‘ಜಾಯಂಟ್ ರೋಬೋ’ವನ್ನು 1980ರ ದಶಕದಲ್ಲಿ ದೂರದರ್ಶನ ಪ್ರಸಾರ ಮಾಡಿತು. ಕೈಗಡಿಯಾರಕ್ಕೆ ಮಾತಾಡಿ ದೈತ್ಯ ರೋಬೋವನ್ನು ಕರೆಯುವ ಹುಡುಗ ಜಾನಿ ಸೊಕ್ಕೊ ಆ ಕಾಲದಲ್ಲಿ ಶಾಲೆಗೆ ಹೋಗುತ್ತಿದ್ದವರಿಗೆ ಪರಿಚಿತ. ಕೊನೆಯ ಕಂತಿನಲ್ಲಿ, ಹುಡುಗ ಮರಳಿ ಬಾ ಎಂದು ಕೂಗುತ್ತಿದ್ದರೂ ಕೇಳದೆ, ಶತ್ರು ಚಕ್ರವರ್ತಿಯನ್ನು ಎತ್ತಿಕೊಂಡು ರೋಬೋ ಆಕಾಶಕ್ಕೆ ಹೋಗಿಬಿಡುತ್ತದೆ. ಯಂತ್ರ ಮೊದಲ ಬಾರಿಗೆ ಆಜ್ಞೆ ಮೀರುವುದು ಪ್ರಾಣ ಕೊಡುವುದಕ್ಕೆ! ಅದನ್ನು ನೋಡಿ ಅತ್ತವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಕೇಳಿ ನೋಡಿ.

1971ರ ಏಪ್ರಿಲ್ 3ಕ್ಕೆ ಶುರುವಾದ ‘ಕಾಮೆನ್ ರೈಡರ್’ನ ಕಥೆ ಇನ್ನೂ ರೋಚಕ. ಶೊತಾರೊ ಇಶಿನೊಮೊರಿ ಸೃಷ್ಟಿಸಿದ ಮಿಡತೆ ಮುಖದ ವೀರ. ಖಳರೇ ಶಸ್ತ್ರಚಿಕಿತ್ಸೆ ಮಾಡಿ ತಯಾರಿಸಿದವನು ಅವರ ವಿರುದ್ಧವೇ ತಿರುಗಿ ನಿಲ್ಲುತ್ತಾನೆ. ಚಿತ್ರೀಕರಣ ಶುರುವಾದ ಕೆಲವೇ ವಾರಗಳಲ್ಲಿ ನಾಯಕ ನಟ ಹಿರೊಶಿ ಫುಜಿಯೊಕಾ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಧಾರಾವಾಹಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ! ಎರಡನೆಯ ರೈಡರನನ್ನು ತಂದರು. ಮೊದಲನೆಯವನು ಓಡುವ ಬೈಕಿನ ಗಾಳಿಯಿಂದ ರೂಪ ಬದಲಿಸುತ್ತಿದ್ದ. ಹೊಸ ನಟ ತಾಕೆಶಿ ಸಸಾಕಿ ಅವರ ಬಳಿ ಬೈಕ್ ಲೈಸೆನ್ಸ್ ಇರಲಿಲ್ಲ. ಹಾಗಾಗಿ ನಿಂತಲ್ಲೇ ಕೈ ಬೀಸಿ ಭಂಗಿ ಹಿಡಿದು ರೂಪ ಬದಲಿಸುವ ಕ್ರಮ ಬಂತು. ಆ ಭಂಗಿಗೆ ಜಪಾನಿನ ಶಾಲೆಗಳ ಅಂಗಳವೆಲ್ಲ ಹುಚ್ಚೆದ್ದಿತು. ಮನುಷ್ಯ ವೇಷವಾಗುವ ಗಳಿಗೆಯೇ ಆಟದ ಜೀವಾಳ ಎಂಬುದು ತೆರೆಕುಣಿತ ಕಂಡವರಿಗೆ ಹೊಸತಲ್ಲ. ಬಣ್ಣದ ವೇಷ ಒಮ್ಮೆಲೇ ಮುಖ ತೋರಿಸುತ್ತದೆಯೇ? ತೆರೆಯ ಹಿಂದೆ ಕುಣಿತ, ಮೇಲೆ ಕಿರೀಟದ ತುದಿ, ಅಂಚಿನಲ್ಲಿ ಬೆರಳು, ಅರೆಕ್ಷಣ ಕಣ್ಣು, ಮತ್ತೆ ಮರೆ. ತೆರೆ ಜಾರುವ ಹೊತ್ತಿಗೆ ಸಭೆಯೇ ಉಸಿರು ಬಿಗಿಹಿಡಿದಿರುತ್ತದೆ.

1975ರಲ್ಲಿ ಅದೇ ಇಶಿನೊಮೊರಿ ‘ಗೊರೆಂಜರ್’ ತಂದರು: ಕೆಂಪು, ನೀಲಿ, ಹಳದಿ, ಗುಲಾಬಿ, ಹಸಿರು, ಐದು ಬಣ್ಣ, ಐದು ಸ್ವಭಾವ. ಬಣ್ಣ ನೋಡಿದೊಡನೆ ಪಾತ್ರ ಗೊತ್ತಾಗಬೇಕು ಎಂಬುದು ಕಬುಕಿ ರಂಗಭೂಮಿಯ ಹಳೆಯ ನಿಯಮ. ಅಲ್ಲಿ ಮುಖದ ಕೆಂಪು ಗೆರೆ ವೀರನಿಗೆ, ನೀಲಿ ಖಳನಿಗೆ. 1978ರಲ್ಲಿ ತೊಯೆ ತಯಾರಿಸಿದ ಜಪಾನಿ ಸ್ಪೈಡರ್‌ಮ್ಯಾನ್‌ನ ಕೈಗೆ ದೈತ್ಯ ರೋಬೋ ಕೊಟ್ಟರು, ಮರುವರ್ಷ ಐದು ಬಣ್ಣದವರ ಪರಂಪರೆಗೂ ರೋಬೋ ಬಂತು. 1982ರಲ್ಲಿ ಹೊಳೆಯುವ ಲೋಹದ ಕವಚದ ‘ಗವನ್’. 1993ರಲ್ಲಿ ಅಮೆರಿಕನ್ನರು ಹಿಂದಿನ ವರ್ಷದ ಜಪಾನಿ ಧಾರಾವಾಹಿಯ ಹೊಡೆದಾಟದ ದೃಶ್ಯಗಳನ್ನು ಕೊಂಡು, ತಮ್ಮ ನಟರನ್ನು ಸೇರಿಸಿ ‘ಪವರ್ ರೇಂಜರ್ಸ್’ ಮಾಡಿದರು. ನಮ್ಮ ಮಕ್ಕಳು ನೋಡಿದ್ದು ಅದನ್ನೇ. ಕವಚದ ಒಳಗೆ ಆಗಲೂ ಜಪಾನಿನ ವೇಷಧಾರಿಗಳೇ!

ಕೊನೆಗೆ ಕಂಪ್ಯೂಟರ್ ಬಂತು, ಗಾಡ್ಜಿಲ್ಲಾನ ರಬ್ಬರ್ ಕವಚ ಮೂಲೆ ಸೇರಿತು. ಅಲ್ಲಿಗೆ ಮನುಷ್ಯ ಹೊರಬಿದ್ದನೇ? ಇಲ್ಲ! 2016ರ ‘ಶಿನ್ ಗಾಡ್ಜಿಲ್ಲಾ’ ಪೂರ್ತಿ ಗ್ರಾಫಿಕ್ಸ್ ಮೃಗ. ಅದರ ನಡಿಗೆಗಾಗಿ ಮೈಗೆ ಸಂವೇದಕ ಕಟ್ಟಿಕೊಂಡು ನಡೆದವರು ಯಾರು ಗೊತ್ತೇ? ನೊಮುರಾ ಮನ್ಸಾಯ್. ಆರು ಶತಮಾನ ದಾಟಿದ ಕ್ಯೊಗೆನ್ ರಂಗಭೂಮಿಯ ಕಲಾವಿದ, ಆ ಕಲೆಯ ಮನೆತನದಲ್ಲೇ ಹುಟ್ಟಿ ಬೆಳೆದವರು! ಲಕ್ಷಾಂತರ ಗಣಿತದ ಬಿಂದುಗಳನ್ನು ಕುಣಿಸಬಲ್ಲ ಯಂತ್ರವಿದ್ದರೂ, ರಕ್ಕಸ ನೆಲದ ಮೇಲೆ ಕಾಲೂರಬೇಕಾದರೆ ಅವರು ಹೋಗಿ ಕರೆತಂದದ್ದು ಹಳೆಯ ರಂಗದ ಹೆಜ್ಜೆ ಬಲ್ಲವನನ್ನು. 1954ರ ಕಗುರಾ ಕುಣಿತದಿಂದ 2016ರ ಕ್ಯೊಗೆನ್ ನಡಿಗೆಯ ತನಕ ಒಂದೇ ದಾರ! ತಕಾಶಿ ಯಮಜಾಕಿ ಅವರ ‘ಗಾಡ್ಜಿಲ್ಲಾ ಮೈನಸ್ ಒನ್’ 2024ರ ಮಾರ್ಚಿನಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಗೆದ್ದಿತು. ಆ ವಿಭಾಗದಲ್ಲಿ ಗೆದ್ದ ಮೊದಲ ಜಪಾನಿ ಚಿತ್ರ. ಕೆಲಸ ಮಾಡಿದ ತಂಡದಲ್ಲಿ ಇದ್ದವರು 35 ಮಂದಿ ಮಾತ್ರ. ಎದುರಿಗಿದ್ದದ್ದು ಹಾಲಿವುಡ್ಡಿನ ಭಾರಿ ಬಜೆಟ್ಟುಗಳು.

ನಮ್ಮ ಕರಾವಳಿಯ ಸಿನಿಮಾ ಈ ದಾರಿಯ ಬಾಗಿಲಲ್ಲೇ ನಿಂತಿದೆ. ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ ಮತ್ತು ರಾಜ್ ಬಿ. ಶೆಟ್ಟಿಯವರ 2021ರ ‘ಗರುಡ ಗಮನ ವೃಷಭ ವಾಹನ’ ಪಿಲಿ ಕುಣಿತದ ಕಸುವನ್ನು ತೆರೆಗೆ ತಂದವು. ಬಣ್ಣದ ವೇಷಕ್ಕೂ ಆ ಭಾಗ್ಯ ಬರಲಿ. ರಕ್ಕಸನ ಪಾತ್ರ ಬರೆಯುವ ನಿರ್ದೇಶಕರಲ್ಲಿ ನನ್ನದೊಂದು ಮನವಿ: ಗ್ರಾಫಿಕ್ಸ್ ಕಂಪನಿಗೆ ಫೋನ್ ಮಾಡುವ ಮೊದಲು ಒಂದು ರಾತ್ರಿ ಚೌಕಿಯಲ್ಲಿ ಕುಳಿತುಕೊಳ್ಳಿ. ಜಪಾನಿನವರು ಅರವತ್ತು ವರ್ಷ ಹುಡುಕಿ ಹುಡುಕಿ ಮರಳಿದ್ದು ಇಂಥದೇ ಜಾಗಕ್ಕೆ.

ಇನ್ನೊಂದು ಮಾತು. ನಾಕಾಜಿಮಾ 1972ರ ತನಕ 12 ಚಿತ್ರಗಳಲ್ಲಿ ಗಾಡ್ಜಿಲ್ಲಾ ಆದರು. ಬಳಿಕ ಆತ್ಮಕಥೆ ಬರೆದರು, ಹೊರದೇಶದ ಅಭಿಮಾನಿಗಳು ಕರೆಸಿ ಸನ್ಮಾನಿಸಿದರು. 2017ರಲ್ಲಿ ತೀರಿಕೊಂಡಾಗ ಜಗತ್ತಿನ ದೊಡ್ಡ ಪತ್ರಿಕೆಗಳೆಲ್ಲ ಅವರ ಹೆಸರು ಹಿಡಿದು ಬರೆದವು. ನಮ್ಮ ಪಿಲಿವೇಷದ ಬ್ಯಾನರಿನಲ್ಲಿ ತಂಡದ ಹೆಸರಿರುತ್ತದೆ, ಮಂಡೆಯೊಳಗಿನವನ ಹೆಸರು ಅಪರೂಪ. ಈ ದಸರೆಗೆ ಮನೆ ಬಾಗಿಲಿಗೆ ಹುಲಿ ಬಂದಾಗ ಹೆಸರು ಕೇಳಿ, ಫೋಟೊದ ಕೆಳಗೆ ಬರೆದಿಡಿ.

ಮತ್ತೆ, 1954ರ ಚಿತ್ರ ನೋಡುವವರು ಮೂಲ ಜಪಾನಿ ಆವೃತ್ತಿಯನ್ನೇ ನೋಡಿ. ಎರಡು ವರ್ಷಗಳ ಬಳಿಕ ಅಮೆರಿಕದಲ್ಲಿ ಬಿಡುಗಡೆಯಾದದ್ದು ಕತ್ತರಿಸಿ, ಬೇರೆ ನಟನನ್ನು ಸೇರಿಸಿ ಹೊಲಿದದ್ದು. ಅದು ಮುಗಿದ ಮೇಲೆ ಕಟೀಲು ಮೇಳದ ‘ದೇವಿ ಮಹಾತ್ಮೆ’ ಎಲ್ಲಿದೆಯೆಂದು ವಿಚಾರಿಸಿ, ಆಟ ಶುರುವಾಗುವ ಮೊದಲೇ ಹೋಗಿ, ಚುಟ್ಟಿ ಇಡುವುದನ್ನೂ ನೋಡಿ. ಮೇಳ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಮೇ ತಿಂಗಳ ಕೊನೆಯ ಹೊತ್ತಿಗೆ. ಅಷ್ಟರೊಳಗೆ ಹೋಗಿ ಬನ್ನಿ.